ಶ್ರುತಿ ಮೇಷ್ಟ್ರ ಕತ್ತು

ಪಿಯಾನೊಗಳಿಗೆ ಶ್ರುತಿ ಕೂಡಿಸುವ ಕಸುಬಿನವರೊಬ್ಬರಿಗೆ ಬೀದಿಯವರು ಇಟ್ಟ ಹೆಸರು ಶ್ರುತಿ ಮೇಷ್ಟ್ರು. ಅವರಿಗಿದ್ದದ್ದು ಎರಡೇ ಕಾಯಿಲೆ: ಅರೆತಲೆನೋವು ಮತ್ತು ಅನುಮಾನ. ತಲೆನೋವಾದರೂ ಆಗಾಗ ಬಿಡುವು ಕೊಡುತ್ತಿತ್ತು, ಅನುಮಾನಕ್ಕೆ ರಜೆಯೇ ಇರಲಿಲ್ಲ. ನೋವು ಬಂತೆಂದರೆ ಕಿಟಕಿಗೆ ಕಂಬಳಿ ಕಟ್ಟಿ, ಮಗ್ಗುಲಲ್ಲಿ ಬಕೆಟ್ ಇಟ್ಟುಕೊಂಡು ಮಲಗಬೇಕು. ಮೇಷ್ಟ್ರು ಮೇಲಿನ ಮನೆಯವಳ ಸೆಂಟು ಕಾರಣವೆಂದರು, ಹೊಸ ಬಲ್ಬು ಎಂದರು, ಹೆಂಡತಿ ಸೋಪು ಬದಲಿಸಿದ್ದೇ ಕಾರಣವೆಂದರು.

ಕೊನೆಗೆ ಹೆಂಡತಿ ಹಟ ಹಿಡಿದು ಒಬ್ಬ ಫಿಸಿಯೋಥೆರಪಿಸ್ಟ್ ಹತ್ತಿರ ಕರೆದೊಯ್ದಳು. ತಲೆ ನೋಯುತ್ತಿದ್ದರೆ ಕತ್ತು ಹಿಡಿಯುವವನು ಎಂಥ ವೈದ್ಯ ಎಂದು ಮೇಷ್ಟ್ರು ದಾರಿಯುದ್ದಕ್ಕೂ ಗೊಣಗಿದರು. ಬೆಳ್ಳಗಿರುವುದೆಲ್ಲ ಹಾಲಲ್ಲ, ಅವನ ಕೋಟಂತೂ ತೀರಾ ಬೆಳ್ಳಗಿತ್ತು. ಅವನು ಕತ್ತಿನ ಮೂಳೆ ತಡವಿ ನೋಡಿದ. ಕತ್ತು ಒಂದೇ ಕಡೆ ತಿರುಗಿ ಬಿಗಿದುಹೋಗಿದೆ, ನೋವಿಗೆ ಅದೂ ಒಂದು ಕಾರಣ ಇರಬಹುದು, ಖಾತ್ರಿ ಹೇಳಲಾರೆ, ನೇರ ಇಟ್ಟು ನೋಡೋಣ ಎಂದ. ಆಮೇಲೆ ಕೇಳಿದ:

"ಯಾವಾಗ್ಲೂ ಎಡಗಿವಿನೇ ಮುಂದೆ ಮಾಡ್ತೀರಲ್ಲ, ಯಾಕೆ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಮೇಷ್ಟ್ರ ಕೈ ತಾನೇ ಬಲಗಿವಿಗೆ ಹೋಯಿತು. ಆ ಕಿವಿ ಕೇಳಿಸದೆ ವರ್ಷಗಳಾಗಿದ್ದವು. ಕಿವುಡನ ಕೈಗೆ ಯಾವ ಪುಣ್ಯಾತ್ಮ ಪಿಯಾನೊ ಕೊಟ್ಟಾನು? ಇದ್ದದ್ದು ಅದೊಂದೇ ಅನ್ನ. ಅಭ್ಯಾಸ ಅಷ್ಟೇ ಎಂದು ಎದ್ದುಬಂದರು. ಇವನು ತಮಗೆ ಕೆಲಸ ಕೊಡುವ ಸಂಗೀತ ಶಾಲೆಯವರ ಮುಂದೆ ಬಾಯಿಬಿಡದೆ ಇರುತ್ತಾನೆಯೇ ಎಂಬುದು ಅಂದಿನಿಂದ ಹೊಸ ಅನುಮಾನ.

ಆದರೂ ಕತ್ತು ನೇರ ಇಟ್ಟರು. ಹಾಳಾದ ನೋವು ನಿಜಕ್ಕೂ ಕಡಿಮೆಯಾಯಿತು! ಆದರೆ ಶಾಲೆಯ ಪಿಯಾನೊ ಮುಂದೆ ನೆಟ್ಟಗೆ ಕೂತರೆ ತಂತಿಗಳ ಸಣ್ಣ ಅಪಸ್ವರ ಕಿವಿಗೆ ಸಿಗಲೊಲ್ಲದು. ಬಾಗಿಲಲ್ಲಿ ನಿಂತ ಟೀಚರು ತಮ್ಮನ್ನೇ ಅಳೆಯುತ್ತಿದ್ದಾಳೆ ಎನಿಸಿತು. ಮೇಷ್ಟ್ರು ಮತ್ತೆ ಕತ್ತು ತಿರುಗಿಸಿದರು. ವಾರದೊಳಗೆ ಕಂಬಳಿ ಕಿಟಕಿಗೇರಿತು.

ಆ ಕತ್ತು ಹಿಡಿಯುವವನು ಮೋಸಗಾರ, ಇನ್ನು ಅವನ ಹತ್ತಿರ ಹೋಗುವುದಿಲ್ಲ ಎಂದು ಕತ್ತಲ ಕೋಣೆಯಿಂದಲೇ ಕೂಗಿದರು. ಹೆಂಡತಿ ಬಂದು ಅವರ ಎಡಕ್ಕೆ ಕೂತಳು.

"ಪಾಪ, ಅವ್ರನ್ನ ಯಾಕೆ ಬೈತೀರಿ? ನಿಮ್ಮ ಬಲಗಿವಿ ಕೇಳಲ್ಲ ಅಂತ ನಂಗೆ ಯಾವತ್ತೋ ಗೊತ್ತು."

ಮೇಷ್ಟ್ರು ತಟ್ಟನೆ ಎದ್ದು ಕೂತರು. ಬಾಯಿಗೆ ಮೊದಲು ಬಂದದ್ದೂ ಅನುಮಾನವೇ. "ಯಾರಿಗೆ ಹೇಳಿದ್ದೀಯ?"

"ಆ ಕಿವಿಗೆ ಮಾತ್ರ," ಎಂದಳು. "ನಿಮ್ಮ ಬಲಕ್ಕೆ ನಡೀವಾಗೆಲ್ಲ ಹೇಳ್ತಿದ್ದೆ. ಹೆದರ್ಕೋಬೇಡಿ, ನಾನಿದ್ದೀನಿ ಅಂತ."