ಇಬ್ಬರ ಕ್ಯಾಬಿನ್

ಚಳಿಯಲ್ಲಿ ನಡುಗುವುದಕ್ಕೆ, ಸೊಂಟದವರೆಗೆ ಒದ್ದೆಯಾಗುವುದಕ್ಕೆ, ಹಕ್ಕಿ ಹಿಕ್ಕೆಯ ನಾತ ಕುಡಿಯುವುದಕ್ಕೆ ಜನ ಕೈಯಿಂದ ದುಡ್ಡು ಹಾಕಿ ಹೋಗುತ್ತಾರೆ ಎಂಬುದು ಅರವತ್ತೆರಡು ತುಂಬುವವರೆಗೂ ನನಗೆ ಗೊತ್ತಿರಲಿಲ್ಲ. ಗೊತ್ತಾದ ಮೇಲೆ ನನಗೂ ಹೋಗಬೇಕೆನಿಸಿತು. ತೊಂದರೆ ಶುರುವಾದದ್ದೇ ಅಲ್ಲಿಂದ.

ಆ ಹುಚ್ಚು ಹತ್ತಿಸಿದವಳು ನನ್ನ ಗೆಳತಿ. ಅವಳು ಮಂಗಳೂರಿನ ಕ್ರಿಶ್ಚಿಯನ್ ಮನೆತನದವಳು, ಮಕ್ಕಳ ಡಾಕ್ಟರು. ಹರ್ಲಿಂಗ್‌ಹ್ಯಾಮ್‌ನ ಒಂದು ಕ್ಲಿನಿಕ್ಕಿನಲ್ಲಿ ಕೂತು ಮೂವತ್ತು ವರ್ಷ ನೈರೋಬಿಯ ಮಕ್ಕಳ ಗಂಟಲಿಗೆ ಟಾರ್ಚು ಬಿಟ್ಟವಳು. ಮದುವೆಯಾಗಲಿಲ್ಲ, ಆಗಲಿಲ್ಲ ಎಂದು ಕೊರಗಲೂ ಇಲ್ಲ. ನಾನು ಮೈಸೂರಿನವಳು, ಇಲ್ಲಿನ ಶಾಲೆಯೊಂದರಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತಳಾದವಳು. ಕಿಲಿಮಾನಿ ಬಡಾವಣೆಯ ಒಂದೇ ರಸ್ತೆಯ ಆ ಬದಿಗೆ ಅವಳ ಮನೆ, ಈ ಬದಿಗೆ ನನ್ನದು. ನನ್ನ ನಾಲ್ಕನೇ ಮಹಡಿಯ ಬಾಲ್ಕನಿಯಲ್ಲಿ ನಿಂತರೆ ಅವಳ ಗೇಟು ಕಾಣುತ್ತದೆ. ನನ್ನ ಯಜಮಾನರು ತೀರಿಕೊಂಡ ಮೇಲೆ ಆ ಗೇಟನ್ನು ದಿನಕ್ಕೆ ಎಷ್ಟು ಸಲ ನೋಡುತ್ತಿದ್ದೆನೋ ಲೆಕ್ಕವಿಟ್ಟಿಲ್ಲ.

ಫೆಬ್ರವರಿಯ ಒಂದು ಮಧ್ಯಾಹ್ನ ಕ್ಲಿನಿಕ್ಕಿನ ಪಕ್ಕದ ಕಾಫಿ ಅಂಗಡಿಯಲ್ಲಿ ಅವಳು ಒಂದು ಹೊಳೆಯುವ ಪುಸ್ತಿಕೆಯನ್ನು ನನ್ನ ಮುಂದೆ ಇಟ್ಟಳು. ಸ್ಕಾಟ್ಲೆಂಡಿನ ಉತ್ತರಕ್ಕೆ, ನಕಾಶೆಯ ಮೇಲೆ ಯಾರೋ ರವೆ ಚೆಲ್ಲಿದ ಹಾಗೆ ಬಿದ್ದಿರುವ ದ್ವೀಪಗಳು. ಅವುಗಳ ಸುತ್ತ ಹನ್ನೆರಡು ದಿನ ಸುತ್ತುವ ಪುಟ್ಟ ಹಡಗು. ಪ್ರಯಾಣಿಕರು ಐವತ್ತೇ ಜನ. ಬಂದರಿಲ್ಲದ ಕಡೆ ರಬ್ಬರ್ ದೋಣಿಯಲ್ಲಿ ಒಯ್ದು ಬಂಡೆಯ ಬುಡಕ್ಕೆ ಇಳಿಸುತ್ತಾರೆ, ಮೊಣಕಾಲುದ್ದದ ಬೂಟು ಅವರೇ ಕೊಡುತ್ತಾರೆ. ನೆನೆದು ತೊಪ್ಪೆಯಾಗಿ ವಾಪಸ್ಸು ಬಂದರೆ ಬಿಳಿ ಹೊದಿಕೆಯ ಮೇಜಿನ ಮೇಲೆ ಐದು ಬಗೆಯ ಊಟ, ಬಚ್ಚಲಿನ ನೆಲ ಕೂಡ ಬೆಚ್ಚಗೆ. ಶ್ರೀಮಂತರಿಗೆ ಕಷ್ಟವೂ ಹದವಾಗಿ ಬೆಂದು ತಟ್ಟೆಗೆ ಬರಬೇಕು.

"ಇದಕ್ಕೆ ಹೋಗುವ ಅಂತ ಇದ್ದೇನೆ," ಎಂದಳು. "ಜುಲೈಯಲ್ಲಿ. ಕ್ಯಾಬಿನ್ ಇಬ್ಬರಿಗೆ ಉಂಟು. ನೀನು ಬರ್ತೀಯಾ?"

ವರ್ಷದ ಕೊನೆಗೆ ಅವಳು ನೈರೋಬಿ ಬಿಟ್ಟು ಮಂಗಳೂರಿಗೆ ಹೋಗುವವಳಿದ್ದಳು, ಮತ್ತೆ ಬರುವ ಮಾತಿಲ್ಲ. ತಂಗಿಯ ಮನೆಯ ಪಕ್ಕದಲ್ಲಿ ಫ್ಲ್ಯಾಟು ಕೊಂಡಾಗಿತ್ತು. ಈ ಹನ್ನೆರಡು ದಿನ ಬಿಟ್ಟರೆ ಅವಳ ಜೊತೆ ಒಂದೇ ಸೂರಿನಡಿ ಇರುವ ಯೋಗ ನನಗೆ ಇನ್ನಿರಲಿಲ್ಲ. ಅದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಬಾಯಿ ಮಾತ್ರ ತನ್ನ ಪಾಡಿಗೆ ತಾನು ಹೇಳಿತು:

"ಅಯ್ಯೋ, ನನ್ಯಾಕೆ ಬಿಡು. ಆ ಚಳಿ ಯಾರಿಗೆ ಬೇಕು? ನಿಮ್ಮ ಕಡೆಯವರು ಯಾರಾದ್ರೂ ಇದ್ರೆ ಕರ್ಕೊಂಡು ಹೋಗು."

ಅವಳು ನನ್ನ ಮುಖವನ್ನು ಒಂದು ಗಳಿಗೆ ನೋಡಿದಳು. "ಹೌದಾ? ಸರಿ," ಎಂದು ಪುಸ್ತಿಕೆಯನ್ನು ಚೀಲಕ್ಕೆ ಹಾಕಿದಳು.

ಮೈಸೂರಿನಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಉಳಿದವರಿಗೆ ಹೇಳುತ್ತೇನೆ. ನಮ್ಮಲ್ಲಿ ಮೊದಲ ಸಲ ಕೇಳಿದಾಗ ಬೇಡ ಎನ್ನಬೇಕು. ಎರಡನೇ ಸಲ "ನಿಮಗೆ ಯಾಕೆ ಸುಮ್ಮನೆ ತೊಂದರೆ" ಎನ್ನಬೇಕು. ಮೂರನೇ ಸಲಕ್ಕೆ "ಸರಿ, ಅರ್ಧ ಲೋಟ ಸಾಕು" ಎಂದು ತುಂಬಿದ ಲೋಟಕ್ಕೆ ಕೈಯೊಡ್ಡಬೇಕು. ನಾನು ಏಳು ವರ್ಷದವಳಿದ್ದಾಗ ಬಂಧುಗಳ ಮನೆಯಲ್ಲಿ ಮೊದಲ ಸಲಕ್ಕೇ ಕೋಡುಬಳೆಗೆ ಕೈ ಹಾಕಿದ್ದೆ. ಅಮ್ಮ ಅಲ್ಲಿ ನಕ್ಕಳು. ಮನೆಗೆ ಬಂದು, "ಹಸಿದು ಬಂದವರ ಹಾಗೆ ಆಡ್ತೀಯಲ್ಲೇ, ಮಾನ ತೆಗೆದೆ" ಎಂದು ತೊಡೆ ಚಿವುಟಿದಳು. ಆ ಚಿವುಟು ಹಿಂದೂ ಮಹಾಸಾಗರ ದಾಟಿದರೂ ಹೋಗಲಿಲ್ಲ. ಈ ಊರಿನಲ್ಲಿ ಮನೆಗೆಲಸದವಳಿಂದ ಹಿಡಿದು ಪ್ರಿನ್ಸಿಪಾಲರವರೆಗೆ ಎಲ್ಲರೂ ಸ್ವಾಹಿಲಿಯಲ್ಲಿ ಒಂದು ಸಲ "ಕರಿಬು", ಬನ್ನಿ, ಅಂದರೆ ಮುಗಿಯಿತು, ಬಂದವರು "ಅಸಾಂಟೆ", ಉಪಕಾರವಾಯಿತು, ಎಂದು ಒಳಗೆ ಬಂದು ಕೂರುತ್ತಾರೆ. ಮೂವತ್ತು ವರ್ಷ ಅದನ್ನು ನೋಡಿಯೂ ನಾನು ಕಲಿಯಲಿಲ್ಲ.

ಅವಳು ಎರಡನೇ ಸಲ ಕೇಳುವುದನ್ನು ಕಾಯುತ್ತಾ ನಾನು ತಯಾರಿ ಶುರುಮಾಡಿದೆ. ಒಂದು ದುರ್ಬೀನು ಕೊಂಡೆ. ನೀರು ಹಿಡಿಯದ ಪ್ಯಾಂಟು ಕೊಂಡೆ, ಮಗಳ ಕಣ್ಣಿಗೆ ಬೀಳದಂತೆ ಎರಡನ್ನೂ ಬೀರುವಿನಲ್ಲಿ ಸೀರೆಗಳ ಕೆಳಗೆ ಇಟ್ಟೆ. ಕಡಲ ಹಕ್ಕಿಗಳ ಹೆಸರು ಬಾಯಿಪಾಠ ಮಾಡಿದೆ. ದ್ವೀಪ ಹತ್ತಲು ಕಾಲಿಗೆ ಬಲ ಬರಲಿ ಎಂದು ಲಿಫ್ಟು ಬಿಟ್ಟು ನಾಲ್ಕು ಮಹಡಿಯನ್ನು ದಿನಕ್ಕೆ ಎರಡು ಸಲ ಹತ್ತಿ ಇಳಿದೆ. ಗೇಟಿನ ಕಾವಲುಗಾರ "ಅಮ್ಮಾ, ಲಿಫ್ಟ್ ಕೆಟ್ಟಿದೆಯಾ?" ಎಂದು ಕೇಳಿ, ಹತ್ತಿ ನೋಡಿ ಬಂದು, ಕೆಟ್ಟಿಲ್ಲ ಎಂದು ವರದಿ ಕೊಟ್ಟ.

ಫೋನು ಬರಲಿಲ್ಲ. ನಾನಾಗಿ ಮಾಡುವುದೆಂದರೆ ಮಾನ ಬಿಟ್ಟ ಹಾಗೆ. ಹನ್ನೆರಡನೆಯ ದಿನ ತರಕಾರಿ ಅಂಗಡಿಯಲ್ಲಿ ಸಿಕ್ಕಿದವಳು, ಬದನೆಕಾಯಿ ಒತ್ತಿ ನೋಡುತ್ತಾ, ಚರ್ಚಿನಲ್ಲಿ ತನ್ನ ಜೊತೆ ಹಾಡುವ ಗೋವಾದ ಹೆಂಗಸು ಹಡಗಿಗೆ ಬರಲು ಒಪ್ಪಿದ್ದಾಳೆ ಎಂದಳು.

"ಒಳ್ಳೇದಾಯ್ತು ಬಿಡು, ಜೊತೆ ಸಿಕ್ತಲ್ಲ," ಎಂದೆ. ಮನೆಗೆ ಬಂದು ಬೀರುವಿನ ಬಾಗಿಲನ್ನು ಎಷ್ಟು ಜೋರಾಗಿ ಹಾಕಿದೆನೆಂದರೆ ಹಿಡಿಕೆ ಕೈಗೆ ಬಂತು.

ಮಗಳ ಹತ್ತಿರ ಹೇಳಿಕೊಂಡೆ. ನೈರೋಬಿಯಲ್ಲೇ ಹುಟ್ಟಿ ಬೆಳೆದವಳು, ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಇಂಗ್ಲಿಷಿನಲ್ಲಿ. "ಬಟ್ ಅಮ್ಮಾ, ಯೂ ಸೆಡ್ ನೋ," ಎಂದಳು. ಇನ್ನೊಂದು ಸಲ ಕೇಳಬೇಕಿತ್ತು ಅವಳು ಎಂದೆ. "ವೈ?" ಎಂದಳು. ಹೆತ್ತ ಮಗಳಿಗೇ ತಿಳಿಯದ ಮೇಲೆ ಹೊರಗಿನವಳ ಮೇಲೆ ಕೋಪಿಸಿಕೊಳ್ಳಬಾರದಿತ್ತು. ಕೋಪಿಸಿಕೊಂಡೆ. ಜುಲೈಯಲ್ಲಿ ಅವರಿಬ್ಬರೂ ಹೊರಟಾಗ, ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆ ಹಡಗಿಗೆ ಹನ್ನೆರಡು ದಿನವೂ ಬಿರುಗಾಳಿ ಸಿಗಲಿ ಎಂದು ದೇವರ ಮುಂದೆ ದೀಪ ಹಚ್ಚುವಾಗ ಬೇಡಿಕೊಂಡೆ.

ಬಂದ ಮೇಲೆ ಭಾನುವಾರ ಮಧ್ಯಾಹ್ನ ಫೋಟೋ ತೋರಿಸಲು ಕರೆದಳು. ಅದಕ್ಕೆ ನಾನು ಬೇಡ ಎನ್ನಲಿಲ್ಲ. ಏನೇನು ಕೆಟ್ಟದಾಗಿತ್ತು ಎಂದು ತಿಳಿಯುವ ಆಸೆ. ಸೋಫಾದ ಮೇಲೆ ಅವಳು, ಗೋವಾದವಳು, ನಾನು, ಎದುರಿಗೆ ಟಿವಿ. ಮೊದಲ ಇಪ್ಪತ್ತು ಫೋಟೋಗಳಲ್ಲಿ ಗೋವಾದವಳೇ. ದ್ವೀಪ ಎಲ್ಲಿ ಎಂದರೆ ಅವಳ ಟೋಪಿಯ ಹಿಂದೆ. ಅಷ್ಟು ದೂರ ಹೋಗಿ ಅವಳು ಹತ್ತು ಸಾವಿರ ಹಕ್ಕಿ ಕೂತ ಬಂಡೆಗೆ ಬೆನ್ನು ಹಾಕಿ ನಿಂತಿದ್ದಳು. ಕೆಂಪು ಕೊಕ್ಕಿನ ಪುಟ್ಟ ಹಕ್ಕಿಯೊಂದು ಬಂದಾಗ ಗೆಳತಿ ಇದೆಂತದು ಎಂದು ನೆನಪಿಸಿಕೊಳ್ಳಲು ಒದ್ದಾಡಿದಳು. "ಪಫಿನ್," ಎಂದೆ. ಮುಂದಿನದಕ್ಕೆ "ಗ್ಯಾನೆಟ್," ಎಂದೆ. "ನಿನಗೆ ಹೇಗೆ ಗೊತ್ತು?" ಎಂದು ತಿರುಗಿ ನೋಡಿದಳು. ಶಾಲೆಯ ಪುಸ್ತಕದಲ್ಲಿತ್ತು ಎಂದು ಸುಳ್ಳು ಹೇಳಿದೆ.

ಕೈಗೆ ಸಿಗದ ದ್ರಾಕ್ಷಿ ಹುಳಿ ಎನ್ನುತ್ತಾರೆ. ಹುಳಿಯಾಗಿದ್ದರೆ ಸಮಾಧಾನವಿತ್ತು. ಬಿರುಗಾಳಿ ಬಂದೇ ಇರಲಿಲ್ಲ. ಕಡಲಿನಿಂದ ನೆಟ್ಟಗೆ ಎದ್ದ ಕಪ್ಪು ಗೋಡೆಗಳು, ಅವುಗಳ ನೆತ್ತಿಯಲ್ಲಿ ಹಸಿರು ಹುಲ್ಲು, ರಾತ್ರಿ ಹತ್ತಾದರೂ ಆರದ ಬೆಳಕು. ಚಂದವೆಂದರೆ ಚಂದ. ನನ್ನ ಹೊಟ್ಟೆಯಲ್ಲಿ ಒಲೆ ಉರಿಯುತ್ತಿತ್ತು.

ಆಮೇಲೆ ಒಂದು ದ್ವೀಪ ಬಂತು, ಬೇರೆಲ್ಲ ದ್ವೀಪಗಳಿಂದ ದೂರ, ಅಟ್ಲಾಂಟಿಕ್‌ನ ನಡುವೆ. ಸೂರಿಲ್ಲದ ಕಲ್ಲು ಮನೆಗಳ ಒಂದು ಸಾಲು, ಒಳಗೆ ಕುರಿಗಳು.

"ಈ ಊರಿನವರು ಅವರೇ ಸರ್ಕಾರಕ್ಕೆ ಕಾಗದ ಬರೆದದ್ದಂತೆ," ಎಂದಳು ಗೆಳತಿ. "ಇನ್ನು ಇಲ್ಲಿ ಇರ್ಲಿಕ್ಕೆ ಆಗುದಿಲ್ಲ, ನಮ್ಮನ್ನು ಕರ್ಕೊಂಡು ಹೋಗಿ ಅಂತ. ಸರ್ಕಾರ ಹಡಗು ಕಳಿಸಿತು. ಎಲ್ಲರೂ ಹೊರಟುಹೋದ್ರು."

"ಪುಣ್ಯವಂತರು," ಎಂದೆ. "ಕಾಗದ ಬರೆದವರಿಗೆ ಹಡಗು ಬಂತು. ಎದುರಿಗೇ ಕೂತವರಿಗೆ ಬರಲಿಲ್ಲ."

ಅವಳು ರಿಮೋಟು ಕೆಳಗಿಟ್ಟಳು. "ಎಂತ ಹಾಗೆ ಹೇಳಿದ್ರೆ?"

"ಏನೂ ಇಲ್ಲ, ಮುಂದಿಂದು ಹಾಕು."

"ಇಲ್ಲ, ಹೇಳು ಮಾರಾಯ್ತಿ."

"ನನ್ನ ಒಂದೇ ಒಂದು ಸಲ ಕೇಳಿದೆ ನೀನು."

"ಕೇಳಿದೆ ಅಲ್ವಾ? ನೀನೇ ಬೇಡ ಹೇಳಿದ್ದು."

"ಒಂದು ಸಲ ಬೇಡ ಅಂದ್ರೆ ಬೇಡ ಅಂತಾನಾ? ಮೂವತ್ತು ವರ್ಷದಲ್ಲಿ ಅಷ್ಟೂ ಗೊತ್ತಾಗ್ಲಿಲ್ವಾ ನಿನಗೆ?"

"ಗೊತ್ತುಂಟು," ಎಂದಳು. ಅವಳ ದನಿ ಏರಲಿಲ್ಲ, ಚುಚ್ಚುಮದ್ದು ಕೊಡುವ ಮುಂಚೆ ಮಕ್ಕಳ ಹತ್ತಿರ ಮಾತಾಡುವ ದನಿ ಅದು. "ಮೂವತ್ತು ವರ್ಷ ನಿನ್ನನ್ನು ಮೂರು ಮೂರು ಸಲ ಕೇಳಿದ್ದೇನೆ. ಚಹಾಕ್ಕೆ, ಊಟಕ್ಕೆ, ಕಾರಿನಲ್ಲಿ ಬಿಡ್ಲಿಕ್ಕೆ. ನಿನ್ನ ಗಂಡ ಆಸ್ಪತ್ರೆಯಲ್ಲಿ ಇದ್ದಾಗ, ನೀನು ಮಲಗು ನಾನು ಕೂತ್ಕೊಳ್ತೇನೆ ಅಂತ ಹೇಳಿದ್ದಕ್ಕೂ ಮೂರು ಸಲ ಕೇಳಿಸಿದಿ. ನನಗೆ ಸಾಕಾಯ್ತು. ಈ ಒಂದು ಸಲ, ಬೇಕಿದ್ರೆ ಅವಳೇ ಬೇಕು ಹೇಳ್ಲಿ ಅಂತ ಕೂತೆ. ಹನ್ನೊಂದು ದಿನ ಆ ಕ್ಯಾಬಿನ್ ಹಿಡಿದಿಟ್ಟೆ. ಹಡಗಿನವರು ದಿನಾ ಫೋನ್ ಮಾಡಿದ್ರು. ನೀನು ಮಾಡ್ಲಿಲ್ಲ."

"ಅಂದ್ರೆ ನನಗೆ ಪರೀಕ್ಷೆ ಇಟ್ಟಿದ್ದೆ."

"ಹೌದು. ನೀನು ನನಗೆ ಮೂವತ್ತು ವರ್ಷ ಇಟ್ಟದ್ದು ಎಂತದು ಮತ್ತೆ?"

ಗೋವಾದವಳಿಗೆ ಕನ್ನಡ ಬಾರದು, ಆದರೆ ಜಗಳಕ್ಕೆ ಭಾಷೆ ಬೇಕಿಲ್ಲ. ಪಾಪ, ಎದ್ದು ಹೋಗಿ ಕೇಕಿನ ತಟ್ಟೆ ತಂದು ನನ್ನ ಮುಂದೆ ಹಿಡಿದಳು. "ನೋ, ಥ್ಯಾಂಕ್ಸ್," ಎಂದೆ. ತಟ್ಟೆ ತಕ್ಷಣ ವಾಪಸ್ಸು ಹೋಯಿತು. ನನಗೆ ಹಸಿವೂ ಆಗಿತ್ತು. ಚಪ್ಪಲಿ ಮೆಟ್ಟಿಕೊಂಡು ಹೊರಟುಬಂದೆ.

ಆ ಹನ್ನೊಂದು ದಿನವನ್ನು ಆಮೇಲೆ ಎಷ್ಟು ಸಲ ನೆನೆದೆನೋ. ರಸ್ತೆಯ ಆ ಬದಿಯಲ್ಲಿ ಅವಳು ಫೋನಿನ ಪಕ್ಕ ಕೂತಿದ್ದಳು, ಈ ಬದಿಯಲ್ಲಿ ನಾನು ಮೆಟ್ಟಿಲು ಹತ್ತಿಳಿಯುತ್ತಿದ್ದೆ. ಇಬ್ಬರೂ ಒಬ್ಬರನ್ನೊಬ್ಬರು ಗೆಲ್ಲಲು ಹೊರಟಿದ್ದೆವು, ಹಡಗು ಹತ್ತಿದವಳು ಮೂರನೆಯವಳು. ತಪ್ಪು ನನ್ನದೇ ಎಂದು ಸ್ನಾನ ಮಾಡುವಾಗ ಒಪ್ಪಿಕೊಳ್ಳುತ್ತಿದ್ದೆ. ಮೈ ಒರೆಸಿಕೊಳ್ಳುವ ಹೊತ್ತಿಗೆ ಅವಳದು ಎನಿಸುತ್ತಿತ್ತು. ಸ್ನೇಹವೆಂದರೆ ಮೂರು ಸಲ ಕೇಳುವ ಸಹನೆ ಅಲ್ಲವೇನು? ನೂರು ಕೂಗುಮಾರಿ ಮಕ್ಕಳ ಬಾಯಿ ತೆರೆಸುವವಳಿಗೆ ನನ್ನ ಬಾಯಿ ತೆರೆಸುವುದು ಅಷ್ಟು ಕಷ್ಟವಾಯಿತೇ?

ಆಗಸ್ಟು ಹೋಯಿತು, ಅಕ್ಟೋಬರಿನಲ್ಲಿ ಜಕರಂಡಾ ಹೂ ಉದುರಿ ನಮ್ಮಿಬ್ಬರ ನಡುವಿನ ರಸ್ತೆ ನೀಲಿಯಾಯಿತು. ಅವಳ ಗೇಟಿನಿಂದ ಒಂದೊಂದೇ ಸಾಮಾನು ಹೊರಗೆ ಹೋಗುವುದನ್ನು ನೋಡಿದೆ. ಫ್ರಿಜ್ಜು ಹೋಯಿತು. ನಾನು ಸಾವಿರ ಸಲ ಬೇಡಬೇಡವೆನ್ನುತ್ತಲೇ ಕೂತ ಊಟದ ಮೇಜು, ಕಾಲು ಮೇಲಾಗಿ, ಪಿಕಪ್ಪಿನಲ್ಲಿ ಹೋಯಿತು.

ಹೊರಡುವ ಹಿಂದಿನ ದಿನ ಬೆಳಿಗ್ಗೆ ಅವಳ ಫೋನು ಬಂತು.

"ನಾಳೆ ಹತ್ತು ಗಂಟೆಗೆ ಟ್ಯಾಕ್ಸಿ," ಎಂದಳು. "ಎಂಬಕಸಿವರೆಗೆ ಬರ್ತೀಯಾ? ಏರ್‌ಪೋರ್ಟಿಗೆ."

ಬರ್ತೀನಿ ಎಂಬ ಮಾತು ನಾಲಿಗೆಯ ತುದಿಯಲ್ಲಿತ್ತು. ಈ ಸಲ ನಾಲಿಗೆ ತಪ್ಪಲಿಲ್ಲ, ತಪ್ಪನ್ನು ಅಭ್ಯಾಸದ ಮೇಲೂ ಹಾಕಲಾರೆ. ಬೇಕೆಂದೇ ನುಂಗಿದೆ. ಈಗಲಾದರೂ ಗೊತ್ತಲ್ಲ ಇವಳಿಗೆ, ಇದೊಂದು ಸಲ ಇನ್ನೊಮ್ಮೆ ಕೇಳಲಿ, ಹೋಗುವ ಮುಂಚೆ ಅಷ್ಟು ಸೋಲಲಿ ಎಂದುಕೊಂಡೆ.

"ಪೆಟ್ಟಿಗೆಯೆಲ್ಲ ಇರತ್ತೆ, ಜಾಗ ಆಗಲ್ಲ. ನೀನು ಹೋಗ್ಬಿಟ್ಟು ಬಾ," ಎಂದೆ.

ಅವಳು ಫೋನಿಡಲಿಲ್ಲ. ಉಸಿರು ಕೇಳಿಸುತ್ತಿತ್ತು. ನಾನೂ ಇಡಲಿಲ್ಲ.

"ಸರಿ," ಎಂದಳು.

ಮರುದಿನ ಒಂಬತ್ತೂವರೆಗೇ ಬಾಲ್ಕನಿಗೆ ಹೋದೆ. ಒಳ್ಳೆಯ ಸೀರೆ ಉಟ್ಟಿದ್ದೆ, ಪರ್ಸು ಕೈಯಲ್ಲಿತ್ತು. ಯಾಕೆ ಎಂದು ನನ್ನನ್ನು ಕೇಳಬೇಡಿ. ದುರ್ಬೀನನ್ನು ಮೊದಲ ಸಲ ಡಬ್ಬಿಯಿಂದ ತೆಗೆದೆ. ಒಳ್ಳೆಯ ದುರ್ಬೀನು, ಕೊಟ್ಟ ದುಡ್ಡಿಗೆ ಮೋಸವಿಲ್ಲ. ಗೇಟಿನ ತುಕ್ಕು ಕಾಣಿಸಿತು. ಅವಳು ಹೊರಗೆ ಬಂದಳು, ಬೂದು ಸ್ವೆಟರು, ಎರಡೇ ಪೆಟ್ಟಿಗೆ. ಎರಡೂ ಡಿಕ್ಕಿಯಲ್ಲಿ ಹಿಡಿದವು, ಹಿಂದಿನ ಸೀಟು ಪೂರ್ತಿ ಖಾಲಿ ಇತ್ತು. ಅವಳು ಬಾಗಿಲು ತೆರೆದು ಒಂದು ಕಾಲು ಒಳಗಿಟ್ಟು, ತಲೆಯೆತ್ತಿ ನನ್ನ ಬಾಲ್ಕನಿಯ ಕಡೆ ನೋಡಿದಳು. ಕೈಯೆತ್ತಿ, ಬಾ ಎನ್ನುವಂತೆ ಬೆರಳು ಮಡಿಸಿದಳು. ದುರ್ಬೀನಿನಲ್ಲಿ ಅವಳ ಮುಖ ಒಂದು ಮೊಳ ದೂರದಲ್ಲಿತ್ತು.

ನಾನು ಒಣಗಲು ಹಾಕಿದ್ದ ಬೆಡ್‌ಶೀಟಿನ ಹಿಂದೆ ಸರಿದೆ. ಅಲ್ಲಿ ನಿಂತು, ಅವಳು ಎರಡನೇ ಸಲ ಕೈ ಮಾಡುತ್ತಾಳೆ ಎಂದು ಕಾದೆ. ಟ್ಯಾಕ್ಸಿಯ ಬಾಗಿಲು ಹಾಕಿಕೊಂಡ ಸದ್ದು ಕೇಳಿಸಿತು.