ಗಿರಾಕಿ ಒಯ್ಯದ ಕನ್ನಡಕದ ಚೀಲ

ಮಳೆಗಾಲ ಕಳೆದ ಮೇಲೆ ಬೀರು ತೆರೆದರೆ ಮೊದಲು ಮೂಗಿಗೆ ಬಡಿಯುವುದು ಬೂಸ್ಟಿನ ವಾಸನೆ. ಅದರ ಹಿಂದೆಯೇ, ತಡವಾಗಿ ಬಂದ ನೆಂಟನ ಹಾಗೆ, ಹರಳೆಣ್ಣೆಯ ಮತ್ತು ಹಳೆಯ ಚರ್ಮದ ವಾಸನೆ. ಈ ಸಲವೂ ಹಾಗೇ ಆಯಿತು. ಸ್ವೆಟರುಗಳ ಅಡಿಯಿಂದ ಆ ಕನ್ನಡಕದ ಚೀಲವನ್ನು ಹೊರತೆಗೆದೆ. ಕಂದು ಬಣ್ಣದ, ಮೇಲೊಂದು ಮುಚ್ಚಳವಿರುವ, ಅಂಗೈ ಉದ್ದದ ಚರ್ಮದ ಚೀಲ. ನಾನೇ ಹೊಲಿದದ್ದು, ಆದರೆ ನನ್ನದಲ್ಲ. ಯಾರದ್ದೆಂದು ಹೇಳಬೇಕಾದರೆ ಮೂಡಿಗೆರೆಯ ಕುಶನ್ ಅಂಗಡಿಯ ಸಾಹೇಬರ ವಿಷಯ ಹೇಳಬೇಕು.

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಜಾವಳಿ ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದೆ. ಆಳುಗಳ ಹಾಜರಿ, ಗೊಬ್ಬರದ ಮೂಟೆ, ಜೀಪಿನ ಡೀಸೆಲ್ಲು, ಇವನ್ನೆಲ್ಲ ಬರೆದಿಡುವುದು ನನ್ನ ಕೆಲಸ. ಒಮ್ಮೆ ಜೀಪಿನ ಸೀಟು ಹರಿದಾಗ ಹೊಲಿಸಿಕೊಂಡು ಬರಲು ಸಾಹುಕಾರರು ನನ್ನನ್ನು ಮೂಡಿಗೆರೆಗೆ ಕಳಿಸಿದರು. ಸಾಹೇಬರು ಆಗಲೇ ಅರವತ್ತು ದಾಟಿದವರು. ಸೀಟಿನ ರೆಕ್ಸಿನ್ನಿಗೆ ಮೆಷಿನ್ನು ಬಳಸುತ್ತಿದ್ದರು, ಚರ್ಮಕ್ಕೆ ಮಾತ್ರ ಕೈಹೊಲಿಗೆ. ಒಂದೇ ದಾರ, ಅದರ ಎರಡು ತುದಿಗೆ ಎರಡು ಸೂಜಿ. ಒಂದೇ ತೂತಿನಲ್ಲಿ ಎರಡೂ ಕಡೆಯಿಂದ ಸೂಜಿ ದಾಟಿಸಿ ಎರಡು ಕೈಯಲ್ಲಿ ಎಳೆಯುವುದು. ಅವರ ತಂದೆ ಬಿಳಿ ದೊರೆಗಳ ಕಾಲದಲ್ಲಿ ಕುದುರೆಯ ಜೀನು ಹೊಲಿಯುತ್ತಿದ್ದರಂತೆ, ಅವರಿಂದ ಬಂದ ಹೊಲಿಗೆ ಇದು. ಒಂದು ಕಡೆ ದಾರ ಸವೆದು ಹರಿದರೂ ಇನ್ನೊಂದು ಕಡೆಯದು ಹಿಡಿದುಕೊಂಡಿರುತ್ತದೆ. ಸೀಟು ಮುಗಿಯುವವರೆಗೆ ನಾನು ಅದನ್ನೇ ನೋಡುತ್ತ ಕುಳಿತೆ. ಮುಂದಿನ ವಾರದ ರಜೆಗೆ ಜೀಪಿಲ್ಲದೆಯೂ ಹೋದೆ...

ಕಲಿಯಲು ಕೊಟ್ಟ ಮೊದಲ ತುಂಡಿಗೇ ನನ್ನ ಬುದ್ಧಿವಂತಿಕೆ ತೋರಿಸಿದೆ. ಹೊಲಿಗೆ ಗಟ್ಟಿಯಾಗಲಿ ಎಂದು ದಬ್ಬಳದಿಂದ ಒತ್ತೊತ್ತಾಗಿ ತೂತು ಹಾಕಿದ್ದೆ. ಎಳೆದ ಕೂಡಲೇ ತೂತಿನ ಸಾಲಿನುದ್ದಕ್ಕೂ ಚರ್ಮ ಹರಿದು ಕೈಗೆ ಬಂತು.

"ಏನ್ ಮಾರಾಯ್ರೇ, ಪೋಸ್ಟಾಫೀಸಿನ ಸ್ಟ್ಯಾಂಪು ಮಾಡಿಟ್ರಲ್ಲ!" ಎಂದು ಸಾಹೇಬರು ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೂ ನಗು ಬಂತು. ಆ ತುಂಡನ್ನು ಅವರು ಬಿಸಾಡಲಿಲ್ಲ, ನಾನು ಮರೆಯದಿರಲಿ ಎಂದು ಮೆಷಿನ್ನಿನ ಪಕ್ಕದಲ್ಲೇ ತೂಗುಹಾಕಿದರು.

ಅಂಗಡಿಯ ಹಿಂಗೋಡೆಯಲ್ಲಿ ಮೊಳೆಗಳ ಒಂದು ಸಾಲಿತ್ತು. ಮಾಡಿಸಿದವರು ಬಂದು ಒಯ್ಯದೆ ಉಳಿದ ಸಾಮಾನುಗಳೆಲ್ಲ ಅಲ್ಲಿ. ಒಂದು ಬೆಲ್ಟು, ಯಾವುದೋ ಡಾಕ್ಟರ ಬ್ಯಾಗು, ಕೋವಿಯ ಪಟ್ಟಿ. ಕೋವಿಯ ಪಟ್ಟಿ ಮಾಡಿಸಿದವರು ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಆದರೂ ಸಾಹೇಬರು ಪ್ರತಿ ಮಳೆಗಾಲ ಮುಗಿದಾಗ ಒಂದೊಂದನ್ನೇ ಇಳಿಸಿ, ಬೂಸ್ಟು ಒರೆಸಿ, ಹರಳೆಣ್ಣೆ ಹಚ್ಚಿ ಮತ್ತೆ ಮೊಳೆಗೆ ಹಾಕುತ್ತಿದ್ದರು. ಬೇರೆಯವರಿಗೆ ಮಾರಬಹುದಲ್ಲ ಎಂದು ಕೇಳಿದರೆ, "ಅವ್ರು ಹೇಳಿ ಮಾಡಿಸಿದ್ದು, ಅವ್ರದ್ದೇ. ನಾವು ಇಟ್ಕೊಂಡಿರೋದಷ್ಟೆ" ಎನ್ನುತ್ತಿದ್ದರು.

ಎರಡು ವರ್ಷದಲ್ಲಿ ನನ್ನ ಕೈ ಪಳಗಿತು. ಕೊಯ್ಲು ಮುಗಿದ ಮೇಲೆ ಕಾಫಿ ಗಿಡದ ಬೇಡದ ರೆಂಬೆ ಕತ್ತರಿಸುವುದಕ್ಕೆ ನಮ್ಮಲ್ಲಿ ಕಸಿ ಎನ್ನುತ್ತೇವೆ. ಕಸಿ ಕತ್ತರಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳಲು ಒಂದು ಚರ್ಮದ ಚೀಲ ಬೇಕು. ನಮ್ಮ ಮೇಸ್ತ್ರಿಗೆ ಒಂದು ಹೊಲಿದುಕೊಟ್ಟೆ. ಸಾಹುಕಾರರು ನೋಡಿ, "ರೈಟ್ರೇ, ನೀವೇ ಮಾಡಿದ್ದಾ ಇದು?" ಎಂದು ಮೂರು ಸಲ ಕೇಳಿದರು. ಅವರಿಗೊಂದು, ಅವರ ಭಾವನಿಗೊಂದು, ಭಾವನ ಸ್ನೇಹಿತರಿಗೆ ನಾಲ್ಕು... ಚರ್ಮ ನನ್ನದು, ಭಾನುವಾರ ನನ್ನದು, ಹೊಗಳಿಕೆಯೂ ನನ್ನದೇ. ಯಾರಾದರೂ ಬಾಳೆಗೊನೆ ಕಳಿಸುತ್ತಿದ್ದರು, ಯಾರಾದರೂ ಜೇನುತುಪ್ಪ. ದುಡ್ಡು ಮಾತ್ರ ಮುಟ್ಟುತ್ತಿರಲಿಲ್ಲ.

ಅದಕ್ಕೆ ಕಾರಣ ನನ್ನ ಅಮ್ಮ. ನಮ್ಮದು ಪೂಜೆ ಪುರಸ್ಕಾರದ ಮನೆ. ನನ್ನ ಚರ್ಮ, ಸೂಜಿಗಳೆಲ್ಲ ಸೌದೆ ಕೊಟ್ಟಿಗೆಯಲ್ಲೇ ಇರಬೇಕೆಂದು ಅಮ್ಮ ಮೊದಲೇ ಹೇಳಿದ್ದಳು. "ಶೋಕಿಗೆ ಮಾಡ್ತೀಯ, ಮಾಡು. ನಾಳೆ ಅದ್ರಲ್ಲಿ ಅನ್ನ ತಿಂತೀನಿ ಅಂದ್ರೆ ಊರೋರಿಗೆ ಏನು ಹೇಳ್ಲಿ?" ಬಿಟ್ಟಿ ಕೊಟ್ಟರೆ ಇಲ್ಲದ ಮೈಲಿಗೆ ದುಡ್ಡು ತೆಗೆದುಕೊಂಡರೆ ಹೇಗೆ ಅಂಟಿಕೊಳ್ಳುತ್ತದೆ ಎಂದು ನನಗೆ ಅರ್ಥವಾಗಲಿಲ್ಲ. ಅರ್ಥವಾಗದಿದ್ದರೂ ಒಪ್ಪಿಕೊಂಡಿದ್ದೆ. ಅದೇ ಸುಖವೂ ಆಗಿತ್ತು. ಸಾಹೇಬರ ಕಸುಬಿಗೆ ನಾನು ಕೈ ಹಾಕಿಲ್ಲ ಎಂಬ ಸಮಾಧಾನ ಬೇರೆ.

ಆ ಸಮಾಧಾನ ಹೋದದ್ದು ಒಂದು ಬೆಳಿಗ್ಗೆ, ಅವರ ಅಂಗಡಿಯಲ್ಲೇ. ನಾನು ಒಳಗೆ ದಾರಕ್ಕೆ ಮೇಣ ಉಜ್ಜುತ್ತ ಕುಳಿತಿದ್ದೆ. ಯಾವುದೋ ಎಸ್ಟೇಟಿನ ಮ್ಯಾನೇಜರು ಬಂದು ಕತ್ತರಿ ಚೀಲಗಳಿಗೆ ರೇಟು ಕೇಳಿದರು. ಸಾಹೇಬರು ಹೇಳಿದರು. ಮ್ಯಾನೇಜರು ನಕ್ಕುಬಿಟ್ಟರು. "ಜಾವಳಿ ಕಡೆ ಒಬ್ಬರು ರೈಟ್ರು ಪುಕ್ಸಟ್ಟೆ ಮಾಡಿಕೊಡ್ತಾರಂತೆ. ನೀವು ನೋಡಿದ್ರೆ ಬಾಯಿಗೆ ಬಂದಿದ್ದು ಹೇಳ್ತೀರಲ್ಲ ಸಾಯ್ಬ್ರೇ!"

ಆ ರೈಟರು ಅವರ ಕಣ್ಣೆದುರೇ ಕುಳಿತಿದ್ದಾನೆಂದು ಅವರಿಗೆ ಗೊತ್ತಿರಲಿಲ್ಲ. ಸಾಹೇಬರು ನನ್ನ ಕಡೆ ತಿರುಗಿಯೂ ನೋಡಲಿಲ್ಲ. "ಹಂಗಾದ್ರೆ ಅವ್ರ ಹತ್ರಾನೇ ಮಾಡಿಸ್ಕೊಳ್ಳಿ. ಅವ್ರ ಹೊಲಿಗೆ ಚೆನ್ನಾಗಿರ್ತದೆ" ಎಂದರು. ಮ್ಯಾನೇಜರು ಹೊರಟುಹೋದರು. ಪ್ರತಿ ವರ್ಷ ಕಸಿಯ ಹೊತ್ತಿಗೆ ಆ ಅಂಗಡಿಯಲ್ಲಿ ರಾಶಿ ಬೀಳುತ್ತಿದ್ದ ಕತ್ತರಿ ಚೀಲಗಳು ಆ ವರ್ಷ ಒಂದೂ ಇರಲಿಲ್ಲವೆಂಬುದು ಆಗ ನನ್ನ ಕಣ್ಣಿಗೆ ಬಿತ್ತು. ನಾಚಿಕೆಯಿಂದ ನೆಲ ಬಿರಿದು ನುಂಗಬಾರದೇ ಅನ್ನಿಸಿತು.

"ಇನ್ನು ಮಾಡಲ್ಲ ಸಾಯ್ಬ್ರೇ" ಎಂದೆ.

"ಮಾಡಬೇಡಿ ಅಂತ ಯಾರು ಹೇಳಿದ್ರು? ದುಡ್ಡು ತಗೊಳ್ಳಿ."

"ದುಡ್ಡು ತಗೊಂಡ್ರೆ ನಿಮಗೇ ಪೈಪೋಟಿ ಆಗಲ್ವಾ?"

"ದುಡ್ಡು ತಗೊಂಡ್ರೆ ಪೈಪೋಟಿ ಮಾಡಬೌದು ಮಾರಾಯ್ರೇ. ಪುಕ್ಸಟ್ಟೆ ಕೊಡೋರ ಜೊತೆ ಏನಂತ ಪೈಪೋಟಿ ಮಾಡ್ಲಿ ನಾನು?" ಸಿಟ್ಟಿರಲಿಲ್ಲ ದನಿಯಲ್ಲಿ. ಇದ್ದಿದ್ದರೆ ಒಳ್ಳೆಯದಿತ್ತು.

ಅದೇ ಸಮಯಕ್ಕೆ ಕಾಫಿ ರೇಟು ಪಾತಾಳಕ್ಕೆ ಇಳಿದಿತ್ತು. ಇಬ್ಬರು ರೈಟರುಗಳನ್ನು ಇಟ್ಟುಕೊಳ್ಳುವುದು ಕಷ್ಟ, ಕಸಿ ಮುಗಿಯುವವರೆಗೆ ನೋಡುವ ಎಂದು ಸಾಹುಕಾರರು ಹೇಳಿದರು. ಇದನ್ನು ಕೇಳಿ ಸಾಹೇಬರು ಅಂಗಡಿಯ ಅರ್ಧ ಜಾಗ ನನಗೆ ಬಿಟ್ಟುಕೊಡುವುದಾಗಿ ಹೇಳಿದರು. ಅವರ ಕಣ್ಣಿಗೆ ಪೊರೆ ಬರುತ್ತಿತ್ತು, ಸಣ್ಣ ಹೊಲಿಗೆ ಕಾಣುತ್ತಿರಲಿಲ್ಲ. ನನ್ನ ತಲೆ ಚಿಟ್ಟು ಹಿಡಿದುಹೋಯಿತು. ಎಸ್ಟೇಟು ಬಿಟ್ಟರೆ ಅಲ್ಲಿ ಇರಲು ಕೊಟ್ಟ ಲೈನು ಮನೆಯೂ ಹೋಗುತ್ತದೆ. ಬಿಡದಿದ್ದರೆ ಸಾಹುಕಾರರೇ ಬಿಡಿಸಬಹುದು. ಬಾಳೆಗೊನೆ ಕಳಿಸಿದವರ ಮುಂದೆ ನಾಳೆ ರೇಟು ಹೇಳುವುದು ಹೇಗೆ? ಭಾನುವಾರದ ಖುಷಿ ಸೋಮವಾರಕ್ಕೂ ಮಂಗಳವಾರಕ್ಕೂ ಬಂದರೆ ಖುಷಿಯಾಗಿಯೇ ಉಳಿಯುತ್ತದೆಯೇ? ಅಮ್ಮನಿಗೆ ಏನೆನ್ನುವುದು? ಹಾಜರಿ ಪುಸ್ತಕದಲ್ಲಿ ಬಂದವರಿಗೆ ಗೈರು, ಗೈರಾದವರಿಗೆ ಹಾಜರಿ ಹಾಕಿ ಮೇಸ್ತ್ರಿಯಿಂದ ಬೈಸಿಕೊಂಡೆ.

ಕಣ್ಣಿನ ಆಪರೇಷನ್ ಮಾಡಿಸಿಕೊಂಡು ಬಂದ ಸಾಹೇಬರು ಒಂದು ದಿನ ನನಗೇ ಆರ್ಡರು ಕೊಟ್ಟರು. "ಹೊಸ ಕನ್ನಡಕಕ್ಕೆ ಒಂದು ಚೀಲ ಬೇಕು ರೈಟ್ರೇ. ಮುಚ್ಚಳ ಇರ್ಲಿ. ರೇಟು ಯೋಚನೆ ಮಾಡ್ಕೊಂಡು ಬನ್ನಿ."

ಅಷ್ಟು ಜತನದಿಂದ ನಾನು ಇನ್ನೇನನ್ನೂ ಹೊಲಿದಿಲ್ಲ. ಕೊಡಲು ಹೊರಟ ದಿನ ಮನೆ ಬಿಡುವಾಗ ಒಂದು ರೇಟು ಯೋಚಿಸಿದ್ದೆ. ಬಸ್ಸು ಹತ್ತುವಾಗ ಅದು ಅರ್ಧವಾಗಿತ್ತು. ಅಂಗಡಿಯ ಮುಂದೆ ಇಳಿಯುವಾಗ ಏನೂ ಉಳಿದಿರಲಿಲ್ಲ. ಸಾಹೇಬರು ಹೊಲಿಗೆಯ ಮೇಲೆ ಹೆಬ್ಬೆರಳು ಎಳೆದು ನೋಡಿದರು, ಮುಚ್ಚಳ ತೆಗೆದು ಹಾಕಿದರು, ಕನ್ನಡಕ ಇಟ್ಟು ತೆಗೆದರು. "ಚೆನ್ನಾಗಿದೆ. ಎಷ್ಟು?"

"ನಿಮ್ಮ ಹತ್ರ ದುಡ್ಡು ತಗೊಳ್ಳೋದಾ ಸಾಯ್ಬ್ರೇ? ನೀವೇ ಕಲಿಸಿದ್ದು..."

ಅವರು ಚೀಲವನ್ನು ಮೆಲ್ಲಗೆ ನನ್ನ ಕಡೆ ಸರಿಸಿದರು. "ಹಂಗಾದ್ರೆ ನಿಮ್ಮ ಹತ್ರಾನೇ ಇರ್ಲಿ. ರೇಟು ಹೇಳೋಕೆ ಬಾಯಿ ಬಂದ ದಿನ ತಗೊಂಡು ಬನ್ನಿ. ನಾನು ಇಲ್ಲೇ ಇರ್ತೀನಲ್ಲ."

ತಮಾಷೆ ಎಂದುಕೊಂಡು ನಕ್ಕೆ. ಅವರು ನಗಲಿಲ್ಲ. ಕನ್ನಡಕವನ್ನು ಅಂಗಿಯ ಜೇಬಿಗೆ ಹಾಗೇ ಹಾಕಿಕೊಂಡರು.

ಕಸಿ ಮುಗಿಯಿತು. ಇನ್ನೊಬ್ಬ ರೈಟರು ತಾವಾಗಿಯೇ ಬಿಟ್ಟು ಕೊಪ್ಪದ ಕಡೆ ಹೋದರು, ನಾನು ಉಳಿದೆ. ತೀರ್ಮಾನ ನಾನು ಮಾಡಲೇ ಇಲ್ಲ, ಅದಾಗಿಯೇ ಆಗಿಹೋಯಿತು. ಮುಂದಿನ ವಾರ ಹೋಗುವ, ಅದರ ಮುಂದಿನ ವಾರ ಖಂಡಿತ ಎನ್ನುತ್ತ ಆ ಮಳೆಗಾಲವೂ ಕಳೆಯಿತು. ಹೋದಾಗ ಅಂಗಡಿಗೆ ಬೀಗ. ಪಕ್ಕದ ಸೈಕಲ್ ಶಾಪಿನವರು, ಸಾಹೇಬರು ಮಗಳ ಮನೆಗೆಂದು ಹಾಸನಕ್ಕೆ ಹೋದವರು ಅಲ್ಲೇ ತೀರಿಕೊಂಡರೆಂದು ಹೇಳಿದರು. ತಿಂಗಳಾಗಿತ್ತಂತೆ. ಚೀಲ ನನ್ನ ಜೇಬಿನಲ್ಲೇ ಇತ್ತು. ಅವತ್ತು ವಾಪಸ್ಸು ಬರುವ ಬಸ್ಸಿನಲ್ಲಿ ಆ ರೇಟು ನನಗೆ ಸಲೀಸಾಗಿ ನೆನಪಾಯಿತು.

ಮೊಳೆಯ ಸಾಲಿನ ಸಾಮಾನುಗಳು ಏನಾದವೋ ಗೊತ್ತಿಲ್ಲ. ಅಲ್ಲೀಗ ಮೊಬೈಲ್ ಅಂಗಡಿಯಿದೆ. ಅಮ್ಮನೂ ಇಲ್ಲ. ಆಮೇಲೆ ಒಂದಿಬ್ಬರು ಚೀಲ ಬೇಕೆಂದು ಕೇಳಿದರು. ಬಿಟ್ಟಿ ಕೊಡಲು ಮನಸ್ಸಾಗಲಿಲ್ಲ, ರೇಟು ಹೇಳಲು ನಾಲಿಗೆ ಏಳಲಿಲ್ಲ, ಹೊಲಿಯುವುದನ್ನೇ ಬಿಟ್ಟೆ. ಅದು ಸರಿಯೋ ತಪ್ಪೋ ಇವತ್ತಿಗೂ ನನಗೆ ತಿಳಿಯುತ್ತಿಲ್ಲ.

ಈಗ ನನಗೂ ಕನ್ನಡಕ ಬಂದಿದೆ. ಕುತೂಹಲಕ್ಕೆ ಆ ಚೀಲದೊಳಗೆ ಇಟ್ಟು ನೋಡಿದೆ, ಅಳತೆ ತೆಗೆದಂತೆ ಕೂತಿತು. ತಕ್ಷಣ ಹೊರಗೆ ತೆಗೆದೆ. ಮಾಡಿಸಿದವರು ಇನ್ನೂ ಬಂದು ಒಯ್ದಿಲ್ಲ. ಬೂಸ್ಟು ಒರೆಸಿ, ಹರಳೆಣ್ಣೆ ಹಚ್ಚಿ, ಒಂದಷ್ಟು ಹೊತ್ತು ಬಿಸಿಲಿಗಿಟ್ಟು, ಮತ್ತೆ ಬೀರುವಿನೊಳಗೆ ಇಟ್ಟೆ.