ಕಟ್ಟೆಗೆ ಕಟ್ಟಿದ ಬಾಗಿನ

ಗೌರಿ ಹಬ್ಬಕ್ಕೆಂದು ಸೊಸೆ ಪೇಟೆಯಿಂದ ಹೊಸ ಮೊರಗಳನ್ನು ತಂದು, ಅರಿಶಿನ ಬಳಿದು, ಜಗಲಿಯಲ್ಲಿ ಒಣಗಲು ಇಟ್ಟಿದ್ದಾಳೆ. ಹಸಿ ಬಿದಿರು, ಅರಿಶಿನ ಎರಡೂ ಸೇರಿದ ಆ ವಾಸನೆ ಮೂಗಿಗೆ ಬಿದ್ದರೆ ಸಾಕು, ನನಗೆ ಈಗಲೂ ಎದೆ ಡವಡವ ಅನ್ನುತ್ತದೆ. ಭಕ್ತಿಯಿಂದ ಅಂದುಕೊಳ್ಳಬೇಡಿ. ಇದೇ ವಾಸನೆಯನ್ನು ಹೊತ್ತುಕೊಂಡು ನಾನೊಮ್ಮೆ ತುಮಕೂರಿನ ಸರ್ಕಾರಿ ಕಚೇರಿಗೆ ನುಗ್ಗಿದ್ದೆ!

ಕೈಯಲ್ಲಿ ಇವತ್ತಿನ ಪೇಪರ್ ಇತ್ತು. ಊರಿನ ಹೊಸ ನಕ್ಷೆಗೆ ಆಕ್ಷೇಪಣೆ ಇದ್ದವರು ಸಲ್ಲಿಸಬೇಕೆಂಬ ಪ್ರಕಟಣೆ ಅದರಲ್ಲಿದೆ. ನಮ್ಮ ಕಟ್ಟೆಗೆ ನೀರು ತರುವ ಕಾಲುವೆಯ ಮೇಲೆ ರಸ್ತೆ ಬರುತ್ತದಂತೆ. ಈ ವಯಸ್ಸಿನಲ್ಲಿ ನನಗ್ಯಾಕೆ ಆ ಉಸಾಬರಿ ಅಂದುಕೊಂಡು ಪದಬಂಧದ ಪುಟ ತಿರುವಿದ್ದೆ. ಅಷ್ಟರಲ್ಲಿ ಈ ವಾಸನೆ.

ಎಂಬತ್ತರ ದಶಕದ ಶುರು. ತುಮಕೂರಿನ ಉಪ್ಪಾರಹಳ್ಳಿಯ ನಮ್ಮ ಮನೆಯ ಹಿಂದೆ ಒಂದು ಕಟ್ಟೆಯಿತ್ತು. ಅದನ್ನು ಕೆರೆ ಅನ್ನಲು ಅಪ್ಪನಿಗೆ ಬಾಯಿ ಬರುತ್ತಿರಲಿಲ್ಲ. ಅವರು ಕುಣಿಗಲ್‌ನವರು ನೋಡಿ, ಅಲ್ಲಿಯ ಕೆರೆಯಲ್ಲಿ ಈಜಿ ಬೆಳೆದವರಿಗೆ ಮಿಕ್ಕ ನೀರೆಲ್ಲ ಕೊಚ್ಚೆಯೇ. ನಮ್ಮ ದೊಡ್ಡಮ್ಮ, ಅಂದರೆ ಅಪ್ಪನ ಅತ್ತಿಗೆ, ಗುಬ್ಬಿಯ ಹೆಣ್ಣು. ಅವರಿಗೆ ಕಟ್ಟೆಯೆಂದರೆ ಹಿತ್ತಲಿನ ಬಾವಿ. ಕಟ್ಟೆ ತುಂಬಿದರೆ ಬಾವಿ ತುಂಬುತ್ತಿತ್ತು, ಕಟ್ಟೆ ಒಣಗಿದರೆ ಬಾವಿಯ ತಳ ಕಾಣುತ್ತಿತ್ತು. ಬೀದಿಗೆಲ್ಲ ಕುಡಿಯುವ ನೀರು ಅದೇ ಬಾವಿಯದು.

ಮಳೆ ಕೈಕೊಟ್ಟು ಕೆಲವು ವರ್ಷ ಕಟ್ಟೆ ಒಣಗಿಯೇ ಇತ್ತು. ಹುಡುಗರು ಅಲ್ಲಿ ಕ್ರಿಕೆಟ್ ಆಡುತ್ತಿದ್ದರು, ದೊಡ್ಡವರು ಸಂಜೆ ಕೂತು ರಾಜಕೀಯ ಮಾತಾಡುತ್ತಿದ್ದರು. ಎಲ್ಲರ ಬಾಯಲ್ಲೂ ಅದು ಮೈದಾನವಾಗಿಬಿಟ್ಟಿತು. ಹೀಗಿರುವಾಗ ಊರಿನ ನಕ್ಷೆ ಕಚೇರಿಯ ಗೋಡೆಗೆ ಬಂತು. ನಮ್ಮ ಕಟ್ಟೆಯ ಜಾಗದಲ್ಲಿ ಬಸ್ ಡಿಪೋ!

ಬೀದಿಯ ಗಂಡಸರು ಇಸ್ತ್ರಿ ಶರಟು ಹಾಕಿಕೊಂಡು ಆಕ್ಷೇಪಣೆಗೆ ಹೊರಟರು. ಅಪ್ಪನೇ ಮುಂದಾಳು.

"ನಮ್ ಹುಡುಗ್ರು ಆಡೋ ಮೈದಾನ ಸಾರ್, ಉಳಿಸ್ಕೊಡಿ" ಅಂದರಂತೆ ಅಪ್ಪ.

"ಅಷ್ಟೇನಾ? ಬೇರೆ ಕಡೆ ಮೈದಾನ ಕೊಡ್ತೀವಿ ಬಿಡಿ" ಅಂದರಂತೆ ಅಧಿಕಾರಿಗಳು.

ಯುದ್ಧ ಗೆದ್ದವರ ಹಾಗೆ ಎಲ್ಲರೂ ಹೋಟೆಲಿಗೆ ಹೋಗಿ ಮಸಾಲೆ ದೋಸೆ ತಿಂದು ಮನೆಗೆ ಬಂದರು. ದೊಡ್ಡಮ್ಮ ಬಾಗಿಲಲ್ಲೇ ನಿಲ್ಲಿಸಿದರು.

"ಮೈದಾನ ಕೊಟ್ರಂತಾ? ಬಾವಿಗೆ ನೀರೆಲ್ಲಿಂದ ಬತ್ತದೆ ಅಂತ ಕೇಳುದ್ರಾ? ಕಟ್ಟೆನ ಮೈದಾನ ಅಂತ ನೀವೇ ಬಾಯಾರೆ ಹೇಳ್ಬಂದಿದ್ದೀರಿ, ಇನ್ನ ಅವ್ರದೇನು ತಪ್ಪು ಬುಡಿ!"

ಅಪ್ಪನ ಮುಖದಲ್ಲಿ ದೋಸೆಯ ಖುಷಿ ಇಳಿದುಹೋಯಿತು.

ಆ ವಾರ ಮಳೆ ಬಂತು ನೋಡಿ! ಎಷ್ಟು ಕಾಲದ ಬಾಕಿಯೋ ಏನೋ, ಸುರಿದದ್ದೇ ಸುರಿದದ್ದು. ಒಂದು ಬೆಳಿಗ್ಗೆ ಕಟ್ಟೆ ಕೋಡಿ ಬಿತ್ತು. ನಮ್ಮಲ್ಲಿ ಕೋಡಿ ಬಿದ್ದ ದಿನ ಹೆಂಗಸರು ನೀರಿಗೆ ಬಾಗಿನ ಬಿಡುತ್ತಾರೆ. ಮೊರದಲ್ಲಿ ಕಾಯಿ, ಬಳೆ, ರವಿಕೆ ಕಣ, ಧಾನ್ಯ ಇಟ್ಟು ಮೇಲೊಂದು ಮೊರ ಮುಚ್ಚುವುದು. ಹೀಗೆ ಕಟ್ಟಿದ ಬಾಗಿನ ಮನೆಗೆ ವಾಪಸ್ ಬರಬಾರದು.

ಎಲ್ಲರೂ ಮೊರ ಹಿಡಿದು ಹೊರಟೆವು. ಕಟ್ಟೆ ಎಡಕ್ಕಿದ್ದರೆ ದೊಡ್ಡಮ್ಮ ಬಲಕ್ಕೆ ತಿರುಗಿದರು. "ಆಪೀಸ್ಗೆ ನಡೀರೇ" ಅಂದರು. ನನಗೋ ಜೀವ ಬಾಯಿಗೆ ಬಂತು. ಬಿ.ಎ. ಓದುವ ಹುಡುಗಿ ನಾನು. ಊರಿನ ನೀರಿಗಿಂತ, ಮೊರ ಹೊತ್ತ ನನ್ನನ್ನು ಕಾಲೇಜಿನವರು ನೋಡಿದರೆ ಏನು ಗತಿ ಅನ್ನುವುದೇ ನನ್ನ ಚಿಂತೆ.

ದೊಡ್ಡಮ್ಮ ಬಾಗಿನವನ್ನು ಮುಂದಕ್ಕೆ ಚಾಚಿದ ಕೂಡಲೇ ಅಧಿಕಾರಿಗಳು ಕುರ್ಚಿಯಿಂದ ಎದ್ದುಬಿಟ್ಟರು. "ಏನಮ್ಮಾ ಇದು? ಗಂಡಸಿಗೆ ಯಾರಾದ್ರೂ ಬಾಗಿನ ಕೊಡ್ತಾರಾ?"

"ಇದು ಕಟ್ಟೆಗೆ ಕಟ್ಟಿದ್ದು ಸ್ವಾಮಿ" ಅಂದರು ದೊಡ್ಡಮ್ಮ. "ನಿಮ್ ನಕ್ಷೆಲಿ ಕಟ್ಟೆನೇ ಇಲ್ವಂತೆ. ಮನೆಗೆ ವಾಪಸ್ ತಗಂಡೋಗಂಗಿಲ್ಲ. ಕಟ್ಟೆ ಎಲ್ಲೈತೆ ತೋರ್ಸಿ, ಇಲ್ಲಾ ನೀವೇ ಮಡ್ಲೊಡ್ಡಿ."

ಕಚೇರಿಗೆ ಕಚೇರಿಯೇ ನಕ್ಕಿತು. ಅಧಿಕಾರಿಗಳೂ ನಕ್ಕರು, ಒಳ್ಳೆಯವರು. ಜೀಪು ತೆಗೆಸಿದರು. ಡಿಪೋ ಬರಬೇಕಾಗಿದ್ದ ಜಾಗದಲ್ಲಿ ಏರಿಯ ಅಂಚಿನವರೆಗೂ ಕೆಂಪು ನೀರು ತುಳುಕುತ್ತಿತ್ತು. ಅವರು ಷರಾಯಿ ಮಡಚಿಕೊಂಡು ನೀರಿನಂಚಿಗೆ ಇಳಿದರು.

"ಅಳತೆಗೆ ಬಂದಾಗ ಹುಡುಗ್ರು ಆಡ್ತಿದ್ರು. ಕೇಳಿದ್ರೆ ಮೈದಾನ ಅಂದ್ರು. ಬಾಗಿನ ನೋಡಿ ನಕ್ಷೆ ತಿದ್ದಕ್ಕಾಗಲ್ಲಮ್ಮ, ಬರೆದು ಕೊಡಿ. ಇನ್ನೂ ಗಡುವಿದೆ."

"ಬರೆಯೇ, ಓದಿದ್ದೀಯಲ್ಲ" ಎಂದು ದೊಡ್ಡಮ್ಮ ನನ್ನ ಬೆನ್ನಿಗೆ ಗುದ್ದಿದರು. ಜೀಪಿನ ಬಾನೆಟ್ಟಿನ ಮೇಲೆ ಕಾಗದ ಹರಡಿ ಬರೆದೆ. ಇದು ಕಟ್ಟೆ, ನಮ್ಮ ಬಾವಿಗೆ ನೀರು ಕೊಡುತ್ತದೆ, ಅಷ್ಟೇ. ಬಾನೆಟ್ಟಿನ ಉಬ್ಬಿಗೆ ಅಕ್ಷರ ಸೊಟ್ಟಗಾಯಿತು. ಆದರೂ ಅಂಥ ಖುಷಿ ನಾನು ಅದಕ್ಕೆ ಮೊದಲು ಕಂಡೇ ಇರಲಿಲ್ಲ. ಓಡೋಡಿ ಬಂದ ಅಪ್ಪ "ಕೆರೆ ಅಂತ್ಲೇ ಬರಿ, ಕೊಡಮ್ಮ ಇಲ್ಲಿ" ಎಂದು ಮೊದಲ ಸಹಿ ಹಾಕಿದರು. ಆಮೇಲೆ ಬಾಗಿನ ನೀರಿಗಿಳಿಯಿತು.

ಮುಂದೆ ಬಂದ ನಕ್ಷೆಯಲ್ಲಿ ಆ ಜಾಗಕ್ಕೆ ನೀಲಿ ಬಣ್ಣ ಬಳಿದಿದ್ದರು. ಬೀದಿಯೆಲ್ಲ ಕೇಕೆ ಹಾಕುತ್ತಿದ್ದರೆ ದೊಡ್ಡಮ್ಮ ಹಿತ್ತಲಿಗೆ ಹೋಗಿ ಬಾವಿಯಿಂದ ಒಂದು ಬಿಂದಿಗೆ ನೀರು ಸೇದಿ, ಬಗ್ಗಿ ಬೊಗಸೆಯಲ್ಲಿ ಕುಡಿದರು. ದೊಡ್ಡಮ್ಮ ಈಗಿಲ್ಲ. ಕಟ್ಟೆ ಇದೆ.

ಪದಬಂಧ ಬಿಟ್ಟು ಎದ್ದೆ. ಪೇಪರಿನ ಪ್ರಕಟಣೆಯನ್ನು ಹರಿದು ಮಡಚಿಟ್ಟುಕೊಂಡು ಸೊಸೆಯನ್ನು ಕೂಗಿದೆ.

"ಇನ್ನೊಂದು ಜೊತೆ ಮೊರ ತರ್ಬೇಕಲ್ಲಮ್ಮ."

"ಲೆಕ್ಕ ಸರಿಯಾಗಿದೆಯಲ್ಲ ಅತ್ತೆ, ಇನ್ನೊಂದು ಯಾರಿಗೆ?"

"ಆಫೀಸಿನೋರಿಗೆ ಕಣೇ" ಅಂದೆ. "ನೀನೂ ಬಾ, ಪೆನ್ನು ತಗೋ."